ಕಪಾಟಿನಲ್ಲಿದ್ದ ಸರ್ಟಿಫಿಕೇಟುಗಳು: ಪುಣೆಯ ಒಂದು ಸರ್ಜಿಕಲ್ ವಾರ್ಡಿನ ಪ್ರಕರಣ

ಇದು ಪಿಂಪ್ರಿ-ಚಿಂಚವಾಡ ಕಡೆಯ ಒಂದು ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯ ಪ್ರಕರಣ. ಆಸ್ಪತ್ರೆಯ ಹೆಸರಾಗಲಿ, ಜನರ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನರ್ಸುಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಆಡಳಿತದವರು ಕರೆದಿದ್ದರಿಂದ ಈ ವಾರ್ಡಿನ ಜೊತೆ ಒಂದು ವರ್ಷಕ್ಕಿಂತ ಜಾಸ್ತಿ ಒಡನಾಟ ಇತ್ತು. ಪುಣೆ, ಮುಂಬೈ, ಗೋವಾದಲ್ಲಿ ದುಡಿಯುವ ನಮ್ಮ ಸಿಸ್ಟರ್‌ಗಳು, ಬ್ರದರ್‌ಗಳು ಮತ್ತು ಮುಖ್ಯವಾಗಿ ಅವರ ಮೇಲಿನವರು ಇದನ್ನು ಓದಬೇಕು ಅನ್ನೋದು ನನ್ನ ಆಸೆ.

ವಾರ್ಡು

30 ಹಾಸಿಗೆಯ ಸರ್ಜಿಕಲ್ ವಾರ್ಡು. ಹಗಲು ಪಾಳಿಗೆ ನಾಲ್ವರು, ರಾತ್ರಿಗೆ ಇಬ್ಬರು. ನರ್ಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಲಬುರಗಿ, ವಿಜಯಪುರ, ಬೀದರ್ ಕಡೆಯವರು. ಉಳಿದವರು ಸೊಲ್ಲಾಪುರ, ಲಾತೂರು, ಕೊಲ್ಲಾಪುರದವರು, ಕೇರಳದವರು ಇಬ್ಬರು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಕಲಬುರಗಿಯವರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ರಾತ್ರಿ ಗಾಡಿ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ ಹುಡುಗಿಗೆ ಊರಿನ ನರ್ಸಿಂಗ್ ಹೋಮ್ ಕೊಡುವ ಸಂಬಳಕ್ಕಿಂತ ಇಲ್ಲಿ ಸಿಗೋದು ಜಾಸ್ತಿ.

ಅಲ್ಲಿ ರೋಗಿಯ ಜೊತೆ ಮರಾಠಿ, ಡಾಕ್ಟರ ಜೊತೆ ಹಿಂದಿ, ಕೇಸ್ ಪೇಪರಿನಲ್ಲಿ ಇಂಗ್ಲಿಷ್, ತಮ್ಮತಮ್ಮಲ್ಲಿ ಕನ್ನಡ. ಒಂದೇ ಪಾಳಿಯಲ್ಲಿ ಇಷ್ಟನ್ನೂ ನಿಭಾಯಿಸಬೇಕು. ವಾರ್ಡಿನ ಇನ್‌ಚಾರ್ಜ್ ವಿಜಯಪುರ ಜಿಲ್ಲೆಯವರು, ಹತ್ತು ವರ್ಷಕ್ಕೂ ಮಿಕ್ಕಿ ಅನುಭವ ಇದ್ದವರು. ಅವರನ್ನು ಇಲ್ಲಿ ಅಕ್ಕ ಎನ್ನುತ್ತೇನೆ. ವಾರ್ಡಿನಲ್ಲಿ ಮರಾಠಿಯವರೂ ಅವರನ್ನು ಹಾಗೇ ಕರೆಯುತ್ತಿದ್ದರು.

ಸಮಸ್ಯೆ ಏನಾಗಿತ್ತು

ನಾನು ಹೋಗುವ ಹೊತ್ತಿಗೆ ಹಿಂದಿನ ಒಂದು ವರ್ಷದಲ್ಲಿ ಅರ್ಧದಷ್ಟು ಜನ ಕೆಲಸ ಬಿಟ್ಟಿದ್ದರು. ಹೊಸಬರು ಬರುವುದು, ಕೆಲಸ ಕಲಿಯುವುದು, ಕೈ ಕುದುರುವಷ್ಟರಲ್ಲಿ ಹೋಗುವುದು. ಎಚ್‌ಆರ್‌ನವರ ಪ್ರಕಾರ ಕಾರಣ ಎರಡೇ: ದುಡ್ಡು ಮತ್ತು ಗಲ್ಫ್. ‘ಈಗಿನ ಹುಡುಗಿಯರಿಗೆ ಕಮಿಟ್‌ಮೆಂಟ್ ಇಲ್ಲ’ ಎಂಬ ಮಾತನ್ನೂ ಕೇಳಿದೆ. ಈ ಮಾತು ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಹನ್ನೆರಡು ಗಂಟೆ ನಿಂತು, ಮನೆಗೆ ಹೊರಟವಳು ‘ಆರನೇ ಬೆಡ್ಡಿನ ಅಜ್ಜಿಗೆ ಮೂತ್ರ ಆಯ್ತಾ’ ಎಂದು ಬಾಗಿಲಿನಿಂದ ವಾಪಸ್ ಬಂದು ಕೇಳುವುದನ್ನು ಇದೇ ವಾರ್ಡಿನಲ್ಲಿ ನೋಡಿದ್ದೇನೆ.

ಹಾಗಾಗಿ ಮೊದಲು ಅಳೆದು ನೋಡೋಣ ಎಂದೆ. ಗ್ರೆಚೆನ್ ಸ್ಪ್ರೈಟ್ಸರ್ ಎಂಬ ಅಮೆರಿಕದ ಸಂಶೋಧಕಿ 1995ರಲ್ಲಿ ರೂಪಿಸಿದ 12 ಪ್ರಶ್ನೆಗಳ ಒಂದು ಪಟ್ಟಿ ಇದೆ. ಕೆಲಸದ ಜಾಗದಲ್ಲಿ ಮನಸ್ಸಿಗೆ ಸಿಗುವ ಬಲವನ್ನು ಅದು ನಾಲ್ಕು ಭಾಗ ಮಾಡಿ ನೋಡುತ್ತದೆ. ಈ ಕೆಲಸಕ್ಕೆ ಅರ್ಥ ಇದೆ ಅನ್ನಿಸುತ್ತದೆಯೇ? ನನಗೆ ಇದನ್ನು ಮಾಡಲು ಬರುತ್ತದೆ ಎಂಬ ಧೈರ್ಯ ಇದೆಯೇ? ಹೇಗೆ ಮಾಡಬೇಕು ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಇದೆಯೇ? ನಾನು ಮಾಡಿದ್ದರಿಂದ, ಹೇಳಿದ್ದರಿಂದ ಇಲ್ಲಿ ಏನಾದರೂ ಬದಲಾಗುತ್ತದೆಯೇ? ಒಂದೊಂದಕ್ಕೂ ಮೂರು ಪ್ರಶ್ನೆ. ಅದರ ಜೊತೆ ಕೆಲಸದ ತೃಪ್ತಿಯ ಬಗ್ಗೆ ಕೆಲವು ಪ್ರಶ್ನೆಗಳನ್ನು ಸೇರಿಸಿ, ಹೆಸರು ಬರೆಯಬೇಡಿ ಎಂದು ಹೇಳಿ ಹಂಚಿದೆವು.

ಬಂದ ಉತ್ತರ ಕಣ್ಣಿಗೆ ಹೊಡೆಯುವಂತಿತ್ತು. ಮೊದಲ ಎರಡರಲ್ಲಿ ಬಹುತೇಕ ಎಲ್ಲರೂ ಮೇಲೆ. ಕೆಲಸಕ್ಕೆ ಅರ್ಥ ಇದೆ, ನಮಗೆ ಬರುತ್ತದೆ. ಕೊನೆಯ ಎರಡರಲ್ಲಿ ಎಲ್ಲರೂ ಕೆಳಗೆ. ‘ನನ್ನ ಮಾತಿನಿಂದ ಏನಾದರೂ ಬದಲಾಗುತ್ತದೆ’ ಎಂಬುದು ಎಲ್ಲಕ್ಕಿಂತ ಕೆಳಗೆ. ಅಂದರೆ ಇವರು ಕೆಲಸ ಇಷ್ಟ ಇಲ್ಲದೆ ಹೋಗುತ್ತಿರಲಿಲ್ಲ. ಇಷ್ಟದ ಕೆಲಸದಲ್ಲಿ ತಮ್ಮ ಮಾತಿಗೆ ಬೆಲೆ ಇಲ್ಲ ಎಂದು ಹೋಗುತ್ತಿದ್ದರು.

ಇದು ಕಾಗದದ ಮೇಲೆ ಹೇಗೆ ಕಾಣುತ್ತಿತ್ತು ಎಂದು ಅಕ್ಕ ತೋರಿಸಿದರು. ಹಳೆಯ ಒಂದು ಕೇಸ್ ಫೈಲು ತೆಗೆದರು. ರಾತ್ರಿ ಪಾಳಿಯ ನರ್ಸಿಂಗ್ ನೋಟ್ಸಿನ ಒಂದೇ ಪುಟದಲ್ಲಿ ‘ಡ್ಯೂಟಿ ಡಾಕ್ಟರ್‌ಗೆ ಇನ್ಫಾರ್ಮ್ ಮಾಡಲಾಗಿದೆ’ ಎಂಬ ಸಾಲು ನಾಲ್ಕು ಸಲ. ಹನ್ನೊಂದಕ್ಕೆ, ಒಂದೂವರೆಗೆ, ಮೂರಕ್ಕೆ, ಐದಕ್ಕೆ. ನಾಲ್ಕನೆಯ ಸಲ ಪೆನ್ನು ಒತ್ತಿ ಬರೆದಿದ್ದು ಹಾಳೆಯ ಹಿಂಬದಿಗೂ ಮೂಡಿತ್ತು. ಬೆಳಿಗ್ಗೆ ಆ ರೋಗಿಯನ್ನು ಐಸಿಯುಗೆ ಒಯ್ದಿದ್ದರು. ‘ಅಕಿಗೆ ಗೊತ್ತಿತ್ತರೀ ಏನೋ ಕೆಟ್ಟದ ಅಂತ. ಆದ್ರ ಅಕಿ ಬರಿಯೋದು ಬಿಟ್ಟು ಇನ್ನೇನು ಮಾಡಬೇಕಿತ್ತು?’ ಎಂದರು ಅಕ್ಕ. ಆ ನೋಟ್ಸ್ ರೋಗಿಗಾಗಿ ಬರೆದದ್ದಲ್ಲ. ನಾಳೆ ತನ್ನ ಮೇಲೆ ಬರಬಾರದು ಎಂದು ಬರೆದದ್ದು.

ಮೊದಲು ಮಾಡಿದ್ದು

ಆಡಳಿತ ಮೊದಲು ಆರಿಸಿದ್ದು ಸುಲಭದ ದಾರಿ. ಎಚ್‌ಆರ್ ಒಂದು ಏಜೆನ್ಸಿಯಿಂದ ಎರಡು ದಿನದ ಕಾರ್ಯಾಗಾರ ಇಡಿಸಿತು. ಮೇ 12ರ ಅಂತರರಾಷ್ಟ್ರೀಯ ನರ್ಸುಗಳ ದಿನಕ್ಕೆ ‘ಉತ್ತಮ ನರ್ಸ್’ ಪ್ರಶಸ್ತಿ, ನೋಟಿಸ್ ಬೋರ್ಡಿನಲ್ಲಿ ಫೋಟೊ, ಕೇಕ್ ಎಲ್ಲ ಆಯಿತು. ನಾನು ಹಿಂದೆ ಕೂತು ನೋಡುತ್ತಿದ್ದೆ. ಕಲಿಸುವವರು ಚೆನ್ನಾಗಿಯೇ ಮಾತಾಡಿದರು. ‘ನಿಮ್ಮೊಳಗಿನ ಶಕ್ತಿಯನ್ನು ಗುರುತಿಸಿ, ನಿರ್ಧಾರ ನೀವೇ ತೆಗೆದುಕೊಳ್ಳಿ’ ಎಂದರು.

ಎರಡನೆಯ ದಿನ ಬೀದರ್ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು. ಎರಡು ದಿನದಲ್ಲಿ ಆಕೆ ಬಾಯಿ ಬಿಟ್ಟಿದ್ದು ಅದೊಂದೇ ಸಲ. ಹಿಂದಿಯಲ್ಲಿ ಕೇಳಿದಳು: ‘ಸರ್, ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡು, ಸರ್ಟಿಫಿಕೇಟು ಎಚ್‌ಆರ್ ಕಪಾಟಿನಲ್ಲಿವೆ. ಯಾವ ನಿರ್ಧಾರ ತೆಗೆದುಕೊಳ್ಳಲಿ?’

ಹಾಲ್ ಗಪ್‌ಚುಪ್. ಕಲಿಸುವವರಿಗೆ ಉತ್ತರ ತೋಚಲಿಲ್ಲ, ಅದು ಅವರ ಕೈಯಲ್ಲೂ ಇರಲಿಲ್ಲ.

ಕಪಾಟು

ಇದರ ಹಿಂದಿನ ಕಥೆ ಹೊರಗಿನವರಿಗೆ ಗೊತ್ತಿರುವುದು ಕಡಿಮೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಕರ್ನಾಟಕದಲ್ಲಿ ಓದಿದವರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿರುತ್ತಾರೆ. ಮಹಾರಾಷ್ಟ್ರದಲ್ಲಿ ಕೆಲಸ ಮಾಡಲು ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತಂದು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಹಾಕಿಸಬೇಕು. ಓಡಾಟದ ಕೆಲಸ. ‘ನಾವೇ ಮಾಡಿಸಿಕೊಡುತ್ತೇವೆ’ ಎಂದು ಈ ಆಸ್ಪತ್ರೆ ಸೇರುವಾಗಲೇ ಒರಿಜಿನಲ್ ಕಾಗದಗಳನ್ನು ಇಸಿದುಕೊಳ್ಳುತ್ತಿತ್ತು. ಕೆಲಸ ಮುಗಿದ ಮೇಲೂ ಕಾಗದ ವಾಪಸ್ ಬರುತ್ತಿರಲಿಲ್ಲ. ಎರಡು ವರ್ಷದ ಬಾಂಡ್ ಮುಗಿಯಬೇಕು, ಇಲ್ಲವೇ ಕೆಲವು ತಿಂಗಳ ಸಂಬಳ ಕಟ್ಟಿ ಬಿಡಿಸಿಕೊಳ್ಳಬೇಕು. ಆ ಹುಡುಗಿಗೆ ಊರಿನ ಕಡೆ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಲೂ ಆಗಿರಲಿಲ್ಲ.

ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟ್ ಆ ಹಾಲಿನಲ್ಲಿ ಇರಲಿಲ್ಲ. ವಿಷಯ ಕಿವಿಗೆ ಬಿದ್ದಾಗ ಮೊದಲು ಎಚ್‌ಆರ್ ಪರವಾಗಿಯೇ ಮಾತಾಡಿದರು. ಎಲ್ಲ ಕಡೆ ಹೀಗೇ ಅಲ್ವಾ ಎಂದರು. ಅದು ನಿಜವೂ ಹೌದು, ಬಹಳ ಕಡೆ ಹೀಗೇ. ಆಗ ನಾನು ಅವರ ಮುಂದೆ ಆ 12 ಪ್ರಶ್ನೆಗಳ ಉತ್ತರ ಇಟ್ಟೆ. ಜೊತೆಗೆ ಇನ್ನೊಂದು ವಿಷಯ ಹೇಳಿದೆ. ಬಲ ಅನ್ನೋದು ವ್ಯಕ್ತಿಯ ಸ್ವಭಾವದಲ್ಲಿ ಇರುವುದಕ್ಕಿಂತ ಸಂಸ್ಥೆಯ ರಚನೆಯಲ್ಲಿ ಇರುತ್ತದೆ ಎಂದು ರೋಸಾಬೆತ್ ಮಾಸ್ ಕಾಂಟರ್ 1977ರಲ್ಲೇ ವಾದಿಸಿದ್ದರು: ಮಾಹಿತಿ, ಬೆಂಬಲ, ಸಾಮಗ್ರಿ, ಮುಂದೆ ಬರುವ ಅವಕಾಶ ಯಾರ ಕೈಗೆ ಸಿಗುತ್ತದೆ ಎಂಬುದರ ಮೇಲೆ ಅದು ನಿಂತಿದೆ ಅಂತ. ಕೆನಡಾದ ಹೆದರ್ ಲಾಶಿಂಜರ್ ಮತ್ತು ಸಂಗಡಿಗರು ಇದನ್ನು ಒಂಟಾರಿಯೊದ ನರ್ಸುಗಳಲ್ಲಿ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಕೆಲಸದ ಪರಿಸ್ಥಿತಿ ಸರಿ ಇದ್ದರೆ ಮನಸ್ಸಿಗೆ ಬಲ ಬರುತ್ತದೆ, ಆ ಬಲದ ದಾರಿಯಲ್ಲಿ ತೃಪ್ತಿ ಬರುತ್ತದೆ ಎಂಬುದು ಅವರು ಕಂಡದ್ದು. ಈ ಕ್ರಮವನ್ನು ತಿರುಗಿಸಲು ಬರುವುದಿಲ್ಲ. ಕಪಾಟಿಗೆ ಬೀಗ ಹಾಕಿಟ್ಟು, ನಿನ್ನೊಳಗಿನ ಶಕ್ತಿ ಹುಡುಕು ಎಂದರೆ ಆಕೆ ಎಲ್ಲಿ ಹುಡುಕಬೇಕು?

ಸೂಪರಿಂಟೆಂಡೆಂಟ್ ಕೆಲವು ದಿನ ಯೋಚಿಸಿದರು. ಎಚ್‌ಆರ್ ಜೊತೆ ಜಗಳವೇ ಆಯಿತು. ಕಾಗದ ಕೊಟ್ಟರೆ ತಿಂಗಳಲ್ಲಿ ವಾರ್ಡು ಖಾಲಿ ಎಂದರು ಎಚ್‌ಆರ್‌ನವರು. ಕೊನೆಗೆ, ಕೊಡುವುದಾದರೆ ಎಲ್ಲರಿಗೂ ಒಂದೇ ದಿನ ಕೊಡಬೇಕು, ಬೇಡಿಕೊಂಡವರಿಗೆ ಮಾತ್ರ ಅಲ್ಲ ಎಂದು ತೀರ್ಮಾನ ಆಯಿತು. ಇದು ಸಣ್ಣ ವಿಷಯ ಅಲ್ಲ. ಬೇಡಿದವರಿಗೆ ಮಾತ್ರ ಕೊಟ್ಟಿದ್ದರೆ ಅದು ಮತ್ತೆ ದಯೆಯೇ ಆಗುತ್ತಿತ್ತು.

ಆ ತಿಂಗಳು ಮೂವರು ರಾಜೀನಾಮೆ ಕೊಟ್ಟರು. ‘ನೋಡಿದ್ರಾ?’ ಎಂದರು ಎಚ್‌ಆರ್. ಸೂಪರಿಂಟೆಂಡೆಂಟ್ ಹಿಂದೆ ಸರಿಯಲಿಲ್ಲ. ಮುಂದಿನ ತಿಂಗಳು ಯಾರೂ ಹೋಗಲಿಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ ವಾರ್ಡಿನ ಮೀಟಿಂಗಿನಲ್ಲಿ ಕಂಡಿತು. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂರುತ್ತಿದ್ದವರು ದೂರು ಹೇಳತೊಡಗಿದರು. ಸಕ್ಷನ್ ಮೆಷಿನ್ ಕೆಟ್ಟು ಎಷ್ಟು ದಿನ ಆಯ್ತು, ರಾತ್ರಿ ಲಿನನ್ ಯಾಕೆ ಸಿಗಲ್ಲ, ಡ್ರೆಸ್ಸಿಂಗ್ ಟ್ರಾಲಿ ಯಾಕೆ ಒಂದೇ ಇದೆ. ಕೆಲವು ಮ್ಯಾನೇಜರುಗಳಿಗೆ ಇದು ಕಿರಿಕಿರಿ ಅನ್ನಿಸಿತು. ನನಗೆ ಇದೇ ಮೊದಲ ಒಳ್ಳೆಯ ಸೂಚನೆ ಅನ್ನಿಸಿತ್ತು.

ಎಲ್ಲರ ಉಸಿರೂ 20

ಮುಂದಿನ ಹೆಜ್ಜೆ ರಾತ್ರಿಯ ಫೋನಿನದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ‘ನ್ಯೂಸ್’ ಎಂಬ ಎಚ್ಚರಿಕೆಯ ಅಂಕಪಟ್ಟಿ ಇದೆ. ಉಸಿರಾಟ, ಆಮ್ಲಜನಕದ ಮಟ್ಟ, ಬಿಪಿ, ನಾಡಿ, ಪ್ರಜ್ಞೆ, ಜ್ವರ ಇವು ಆರಕ್ಕೂ ಅಂಕ. ಹೊರಗಿನಿಂದ ಆಕ್ಸಿಜನ್ ಕೊಡುತ್ತಿದ್ದರೆ ಇನ್ನೆರಡು. ಒಟ್ಟು 5 ಮುಟ್ಟಿದರೆ ತುರ್ತಾಗಿ ನೋಡಬೇಕು, 7 ಮುಟ್ಟಿದರೆ ತೀರಾ ತುರ್ತು. ಇದನ್ನು ಇಟ್ಟುಕೊಂಡು ಆಸ್ಪತ್ರೆ ಒಂದು ನಿಯಮ ಮಾಡಿತು: ಅಂಕ 5 ಆದರೆ ಡ್ಯೂಟಿ ಡಾಕ್ಟರಿಗೆ ಫೋನು, ಅವರು 15 ನಿಮಿಷದಲ್ಲಿ ಬರದಿದ್ದರೆ ನರ್ಸು ನೇರವಾಗಿ ಕನ್ಸಲ್ಟೆಂಟ್‌ಗೆ (ಹಿರಿಯ ತಜ್ಞ ಡಾಕ್ಟರಿಗೆ) ಫೋನು ಮಾಡಬಹುದು. ಯಾರ ಅನುಮತಿಯೂ ಬೇಡ.

ಫೋನಿನಲ್ಲಿ ಏನು ಹೇಳಬೇಕು ಎಂಬ ಭಯ ಇನ್ನೊಂದು. ರೋಗಿಗೆ ಏನಾಗುತ್ತಿದೆ ಎಂದು ಗೊತ್ತಿದ್ದರೂ ನಿದ್ದೆಗಣ್ಣಿನ ಸರ್ಜನ್ ಮುಂದೆ ಹಿಂದಿ, ಇಂಗ್ಲಿಷ್ ತಡವರಿಸುತ್ತದೆ. ಅದಕ್ಕೆ ರೋಗಿಯ ವಿಷಯವನ್ನು ಚುಟುಕಾಗಿ ಹೇಳುವ ಎಸ್‌ಬಾರ್ ಎಂಬ ಕ್ರಮದಲ್ಲಿ ನಾಲ್ಕು ಸಾಲು ಬರೆದು ಫೋನಿನ ಪಕ್ಕ ಅಂಟಿಸಿದೆವು. ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೆ ಏನು ಅನ್ನಿಸುತ್ತಿದೆ, ನೀವು ಏನು ಮಾಡಬೇಕು. ಮೊದಲು ಇಬ್ಬಿಬ್ಬರು ಕೂತು ಕನ್ನಡದಲ್ಲೋ ಮರಾಠಿಯಲ್ಲೋ ಹೇಳಿ ರೂಢಿ ಮಾಡಿಕೊಂಡರು, ಆಮೇಲೆ ಹಿಂದಿಯಲ್ಲಿ. ಕೊನೆಯ ಸಾಲು ಎಲ್ಲರಿಗೂ ಕಷ್ಟ ಆಯಿತು. ‘ನೀವು ಬಂದು ನೋಡಬೇಕು’ ಎಂದು ಡಾಕ್ಟರಿಗೆ ಹೇಳುವುದು ಅವರಿಗೆ ರೂಢಿಯೇ ಇರಲಿಲ್ಲ.

ಇಷ್ಟೆಲ್ಲ ಆದರೂ ಮೊದಲ ವಾರಗಳಲ್ಲಿ ಒಂದೂ ಫೋನು ಹೋಗಲಿಲ್ಲ. ಅಂಕ 5 ಮುಟ್ಟುತ್ತಲೇ ಇರಲಿಲ್ಲ. ಯಾಕೆ ಅಂತ ಕಂಡುಹಿಡಿದವರು ಅಕ್ಕ. ಒಂದು ದಿನ ಚಾರ್ಟುಗಳನ್ನು ಮೇಜಿನ ಮೇಲೆ ಹರಡಿ, ಉಸಿರಾಟದ ಕಾಲಮ್ಮಿನ ಮೇಲೆ ಬೆರಳಿಟ್ಟರು. 20. 20. 20. ವಾರ್ಡಿನ ಎಲ್ಲ ರೋಗಿಗಳ ಉಸಿರೂ ನಿಮಿಷಕ್ಕೆ 20. ಆ ಪಟ್ಟಿಯಲ್ಲಿ 20ರವರೆಗೆ ಸೊನ್ನೆ ಅಂಕ, 21 ಆದರೆ ಎರಡು. ಉಸಿರು ಎಣಿಸಲು ಒಂದು ನಿಮಿಷ ಹಾಸಿಗೆಯ ಪಕ್ಕ ನಿಲ್ಲಬೇಕು. ಎಣಿಸಿದರೆ ಅಂಕ ಏರಬಹುದು, ಅಂಕ ಏರಿದರೆ ಫೋನು ಮಾಡಬೇಕು, ಫೋನು ಮಾಡಿದರೆ ಬೈಸಿಕೊಳ್ಳಬೇಕು. ಎಣಿಸದೆ ಇರುವುದೇ ಕ್ಷೇಮ.

ಅಕ್ಕ ಯಾರನ್ನೂ ಬೈಯಲಿಲ್ಲ. ‘ಫೋನ್ ಮಾಡಿದ್ರ ನಮ್ಮ ಕಡೆ ಯಾರ ನಿಲ್ತಾರ ಅನ್ನೋದು ಗೊತ್ತಾಗೂತನಕ ಇವರು ಎಣಸಂಗಿಲ್ಲ’ ಎಂದರು. ಈ ಪ್ರಕರಣದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ವಿಶ್ಲೇಷಣೆ ಇದು.

ಸುಳ್ಳಾದ ಕರೆ

ಕೊನೆಗೆ ಒಬ್ಬಳು ಫೋನು ಮಾಡಿದಳು. ಪಿತ್ತಕೋಶದ ಆಪರೇಷನ್ ಆದ ರೋಗಿ, ಅಂಕ 5, ಡ್ಯೂಟಿ ಡಾಕ್ಟರ್ ಎಮರ್ಜೆನ್ಸಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಸರ್ಜನ್ ರಾತ್ರಿ ಮೂರರ ಹೊತ್ತಿಗೆ ಬಂದರು. ನೋಡಿದರೆ ನೋವು ಮತ್ತು ಗಾಬರಿ, ಅಷ್ಟೇ. ನೋವಿನ ಔಷಧ ಕೊಟ್ಟ ಮೇಲೆ ಎಲ್ಲ ಇಳಿಯಿತು. ಸರ್ಜನ್ ವಾರ್ಡಿನಲ್ಲೇ, ರೋಗಿಯ ಮನೆಯವರ ಎದುರಿಗೇ ಕೂಗಾಡಿದರು. ಮರುದಿನ ಆ ನರ್ಸಿಗೆ ಮೆಮೊ ಕೊಡಬೇಕು ಎಂದು ಲಿಖಿತವಾಗಿ ಕೇಳಿದರು.

ಇಡೀ ವಾರ್ಡು ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಸೂಪರಿಂಟೆಂಡೆಂಟ್ ಕನ್ಸಲ್ಟೆಂಟ್‌ಗಳನ್ನೂ ನರ್ಸುಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. ಚಾರ್ಟು ತೆರೆದು ತೋರಿಸಿದರು. ಅಂಕ ಸರಿಯಾಗಿದೆ, ಕಾದ ಸಮಯ ಸರಿಯಾಗಿದೆ, ಫೋನಿನಲ್ಲಿ ಹೇಳಿದ್ದು ಸರಿಯಾಗಿದೆ. ಮೆಮೊ ಇಲ್ಲ. ಚಾರ್ಟಿನ ಪ್ರಕಾರ ಮಾಡಿದ ಯಾವ ಕರೆಗೂ ನರ್ಸಿನಿಂದ ವಿವರಣೆ ಕೇಳುವಂತಿಲ್ಲ ಎಂದು ಸುತ್ತೋಲೆ ಹೊರಡಿಸಿದರು. ಸರ್ಜನ್ ಬಹಳ ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದರು. ಆಸ್ಪತ್ರೆಗೆ ಅವರು ರೋಗಿಗಳನ್ನು ತರುವವರು. ಅವರನ್ನು ಎದುರು ಹಾಕಿಕೊಳ್ಳುವುದರಲ್ಲಿ ನಷ್ಟದ ಭಯ ಇತ್ತು. ಆ ಭಯ ಇದ್ದೂ ತೆಗೆದುಕೊಂಡ ತೀರ್ಮಾನ ಅದು ಎಂದು ನರ್ಸುಗಳಿಗೆ ಗೊತ್ತಿತ್ತು. ಅದಕ್ಕೇ ನಂಬಿದರು.

ಮುಂದಿನ ವಾರದ ಚಾರ್ಟಿನಲ್ಲಿ ಉಸಿರಾಟದ ಕಾಲಮ್ಮು ಬದಲಾಗಿತ್ತು. 18, 22, 16, 24.

ಕೆಲವು ತಿಂಗಳ ಮೇಲೆ ದೊಡ್ಡ ಕರುಳಿನ ಆಪರೇಷನ್ ಆಗಿ ನಾಲ್ಕನೆಯ ದಿನದ ಒಬ್ಬ ರೋಗಿಗೆ ಉಸಿರಾಟ 24, ನಾಡಿ 112, ಮೇಲಿನ ಬಿಪಿ 104, ಆಮ್ಲಜನಕ 95 ಬಂತು. ಜ್ವರ ಅಷ್ಟೇನಿಲ್ಲ, ಮಾತೂ ಸರಿಯಾಗಿದೆ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹೆದರಿಸುವಂತಿಲ್ಲ. ಕೂಡಿಸಿದರೆ 6. ಬೀದರ್ ಕಡೆಯ ಅದೇ ಹುಡುಗಿ ಫೋನು ಮಾಡಿದಳು. ಬಂದವರು ಅದೇ ಸರ್ಜನ್. ಕರುಳಿನ ಹೊಲಿಗೆ ಸೋರುತ್ತಿತ್ತು. ಬೆಳಕು ಹರಿಯುವ ಮೊದಲೇ ಆಪರೇಷನ್ ಥಿಯೇಟರಿಗೆ ಒಯ್ದರು. ರೋಗಿ ಬಹಳ ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಹೊರಗಿನವರಿಗೆ ಹೇಳುವಾಗ ಆಡಳಿತ ಈ ಘಟನೆಯನ್ನೇ ಮುಂದಿಡುತ್ತದೆ. ಸುಳ್ಳಾದ ಕರೆಗೆ ಮೆಮೊ ಕೊಟ್ಟಿದ್ದರೆ ಈ ಕರೆ ಬರುತ್ತಿರಲಿಲ್ಲ ಎಂಬುದನ್ನು ನಾನು ಜೊತೆಗೆ ಸೇರಿಸುತ್ತೇನೆ.

ಎಳ್ಳಮಾವಾಸ್ಯೆ

ಇಷ್ಟಾದ ಮೇಲೆ ನರ್ಸುಗಳೇ ಕೇಳಿದ್ದು ಡ್ಯೂಟಿ ಪಟ್ಟಿಯನ್ನು. ಅಲ್ಲಿಯವರೆಗೆ ಅದು ಮೇಟ್ರನ್ ಆಫೀಸಿನಿಂದ ತಿಂಗಳ ಕೊನೆಗೆ ಬರುತ್ತಿತ್ತು. ನಾವೇ ಹಾಕಿಕೊಳ್ಳುತ್ತೇವೆ ಎಂದರು. ಮೇಟ್ರನ್‌ಗೆ ಒಪ್ಪಿಗೆ ಇರಲಿಲ್ಲ, ಆದರೂ ಒಂದು ತಿಂಗಳು ನೋಡೋಣ ಎಂದರು.

ನಿಜವಾದ ಪರೀಕ್ಷೆ ಬಂದದ್ದು ಎಳ್ಳಮಾವಾಸ್ಯೆಗೆ. ಕಲಬುರಗಿ, ವಿಜಯಪುರ, ಬೀದರ್ ಕಡೆ ಅದು ಎಷ್ಟು ದೊಡ್ಡ ಹಬ್ಬ ಎಂದು ಹೇಳಬೇಕಿಲ್ಲ. ಹೊಲಕ್ಕೆ ಹೋಗಿ ಚರಗ (ಭೂಮಿಗೆ ಎರಚುವ ನೈವೇದ್ಯ) ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಊಟ ಮಾಡದಿದ್ದರೆ ವರ್ಷವೇ ಸಪ್ಪೆ. ಮರಾಠಿಯವರು ಕೆಲಸಕ್ಕೆ ನಿಲ್ಲುತ್ತಾರೆ ಎಂದು ನಮ್ಮವರು ಅಂದುಕೊಂಡಿದ್ದರು. ಆದರೆ ಲಾತೂರು, ಸೊಲ್ಲಾಪುರದವರಿಗೂ ಅದೇ ಅಮಾವಾಸ್ಯೆ, ಅದೇ ಹೊಲದ ಊಟ. ಅವರದು ವೇಳ ಅಮಾವಾಸ್ಯೆ. ಪಟ್ಟಿಯಲ್ಲಿ ಆ ದಿನಕ್ಕೆ ಹೆಸರೇ ಇಲ್ಲ.

ಮೇಟ್ರನ್ ಪಟ್ಟಿ ವಾಪಸ್ ತಗೊಳ್ಳಲು ಕೈ ಚಾಚಿದ್ದರು. ಅಕ್ಕ ಎರಡು ದಿನ ಸಮಯ ಕೇಳಿದರು. ಚಹಾದ ಹೊತ್ತಿನಲ್ಲಿ ದೊಡ್ಡ ವಾದ ನಡೆಯಿತು, ಒಬ್ಬಳು ಅತ್ತಳು ಕೂಡ. ಕೊನೆಗೆ ಕೊಲ್ಲಾಪುರದವರು ಮತ್ತು ಕೇರಳದವರು ಹಬ್ಬದ ಹೊತ್ತಿಗೆ ಕೆಲಸಕ್ಕೆ ನಿಲ್ಲಲು ಒಪ್ಪಿದರು. ಬದಲಿಗೆ ಗಣೇಶೋತ್ಸವದ ರಾತ್ರಿಗಳು ಮತ್ತು ಓಣಂ ನಮ್ಮ ಕಡೆಯವರ ಪಾಲಿಗೆ ಬಂದವು. ಅಷ್ಟಾದರೂ ಕೈ ಸಾಲದೆ ನಮ್ಮ ಕಡೆಯ ಇಬ್ಬರು ಚೀಟಿ ಎತ್ತಿ ಉಳಿದುಕೊಂಡರು. ಊರಿಗೆ ಹೋದವರು ಬರುವಾಗ ಡಬ್ಬಿ ಕಟ್ಟಿಕೊಂಡು ಬಂದರು. ಎಲ್ಲರಿಗೂ ಬೇಕಾದ್ದು ಸಿಗಲಿಲ್ಲ. ಆದರೆ ಆ ವಾರ ಯಾರೂ ಸುಳ್ಳು ಸಿಕ್ ಲೀವ್ ಹಾಕಲಿಲ್ಲ, ಹಿಂದಿನ ವರ್ಷ ಹಾಕಿದ್ದರು.

ಏನು ಸರಿಹೋಯಿತು, ಏನು ಹೋಗಲಿಲ್ಲ

ವರ್ಷದ ಕೊನೆಗೆ ಅದೇ 12 ಪ್ರಶ್ನೆ ಮತ್ತೆ ಕೇಳಿದೆವು. ಕೆಳಗಿದ್ದ ಎರಡು ಭಾಗ ಮೇಲೆ ಬಂದವು, ‘ನನ್ನ ಮಾತಿನಿಂದ ಬದಲಾಗುತ್ತದೆ’ ಎಂಬುದು ಎಲ್ಲಕ್ಕಿಂತ ಜಾಸ್ತಿ ಏರಿತ್ತು. ಕೆಲಸದ ಬಗೆಗಿನ ತೃಪ್ತಿಯೂ ಏರಿತು. ಸಂಬಳದ ಬಗೆಗಿನ ತೃಪ್ತಿ ಇದ್ದಲ್ಲೇ ಇತ್ತು. ಬಿಟ್ಟುಹೋಗುವವರು ಕಡಿಮೆಯಾದರು, ನಿಲ್ಲಲಿಲ್ಲ. ಬೀದರ್ ಕಡೆಯ ಆ ಹುಡುಗಿ ಸರ್ಕಾರಿ ಹುದ್ದೆ ಸಿಕ್ಕಿ ಹೋದಳು. ಅದನ್ನು ಸೋಲು ಎಂದು ಲೆಕ್ಕ ಹಾಕುವುದು ಸರಿಯಲ್ಲ.

ಸಂಬಳದ ವಿಷಯದಲ್ಲಿ ನರ್ಸುಗಳ ಅತೃಪ್ತಿ ನ್ಯಾಯವಾದದ್ದೇ. 2016ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಕೇಂದ್ರ ನೇಮಿಸಿದ ಸಮಿತಿ, 100ರಿಂದ 200 ಹಾಸಿಗೆಯ ಖಾಸಗಿ ಆಸ್ಪತ್ರೆಯ ನರ್ಸುಗಳ ಸಂಬಳ ರಾಜ್ಯ ಸರ್ಕಾರದ ನರ್ಸುಗಳಿಗಿಂತ 10 ಶೇಕಡಾಕ್ಕಿಂತ ಹೆಚ್ಚು ಕಡಿಮೆ ಇರಬಾರದು ಎಂದಿತ್ತು. 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಬೇಡ ಎಂದಿತ್ತು. ಈ ಆಸ್ಪತ್ರೆ ಆ ಶಿಫಾರಸಿನ ಹತ್ತಿರವೂ ಇರಲಿಲ್ಲ. ಮಾತಿಗೆ ಬೆಲೆ ಸಿಕ್ಕಿತು ಎಂದು ಬಾಡಿಗೆ ಕಟ್ಟಲಾಗುವುದಿಲ್ಲ.

ಇನ್ನೊಂದು ತೊಂದರೆ ಹೊಸದಾಗಿ ಹುಟ್ಟಿಕೊಂಡಿತು. ಉಸಿರು ಎಣಿಸಲು, ಚಾರ್ಟು ತುಂಬಲು, ಫೋನಿನಲ್ಲಿ ಮಾತಾಡಲು ಸಮಯ ಬೇಕು. ರಾತ್ರಿ ಇಬ್ಬರೇ. ಒಬ್ಬ ರೋಗಿಯನ್ನು ಐಸಿಯುಗೆ ಒಯ್ಯಬೇಕಾದರೆ ಉಳಿದ 29 ಜನಕ್ಕೆ ಒಬ್ಬಳು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸು ಇರಬೇಕು. ಅಧಿಕಾರ ಕೊಟ್ಟು ಕೈ ಕೊಡದಿದ್ದರೆ ಅದು ಹೊರೆ. ಅದು ಮೊದಲು ಬಿದ್ದದ್ದು ಅಕ್ಕನ ಮೇಲೆ. ಪಾಳಿ ಮುಗಿದ ಮೇಲೂ ಇದ್ದು, ರಾತ್ರಿಯವರ ಫೋನುಗಳಿಗೆ ಮನೆಯಿಂದ ಉತ್ತರ ಕೊಟ್ಟು, ಕೊನೆಗೆ ಕಾಯಿಲೆ ಬಿದ್ದು ಹಲವು ವಾರ ರಜೆ ಹಾಕಿದರು. ನರ್ಸುಗಳಿಗೆ ಬಲ ತುಂಬುವ ಮಾತಾಡುವ ಆಡಳಿತಗಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಜನ ಕಡಿಮೆ ಇದ್ದದ್ದನ್ನು ಮುಚ್ಚಲು ಇದನ್ನು ಬಳಸಿದರೆ ಮೊದಲು ಕಳೆದುಕೊಳ್ಳುವುದು ಎಲ್ಲರಿಗಿಂತ ಒಳ್ಳೆಯ ನರ್ಸನ್ನು.

ಅಕ್ಕ ರಜೆಯಲ್ಲಿದ್ದಾಗ ಉಳಿದವರು ಒಂದು ಕೆಲಸ ಮಾಡಿದರು. ಹಿಂದಿನ ತಿಂಗಳುಗಳ ಚಾರ್ಟುಗಳನ್ನು ತೆಗೆದು, ಅಂಕ 5 ದಾಟಿದ ಹೊತ್ತುಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿದರು. ಹೆಚ್ಚಿನವು ರಾತ್ರಿ ಒಂದರಿಂದ ಐದರ ನಡುವೆ, ಇಬ್ಬರೇ ಇರುವ ಹೊತ್ತಿನಲ್ಲಿ. ಆ ಹಾಳೆ ಹಿಡಿದು ರಾತ್ರಿಗೆ ಮೂರನೆಯ ನರ್ಸು ಬೇಕು ಎಂದು ಸೂಪರಿಂಟೆಂಡೆಂಟ್ ಮುಂದೆ ಹೋದರು. ನನ್ನನ್ನು ಕರೆಯಲಿಲ್ಲ, ಕರೆಯುವ ಅಗತ್ಯವೂ ಇರಲಿಲ್ಲ. ಮೂರು ತಿಂಗಳ ಮಟ್ಟಿಗೆ ಮೂರನೆಯವರನ್ನು ಕೊಡಲು ಆಡಳಿತ ಒಪ್ಪಿತು. ಅವಧಿ ಮುಗಿದ ಮೇಲೆ ಆ ಹುದ್ದೆ ಉಳಿಸಬೇಕೇ ಎಂಬ ಚರ್ಚೆ ನಾನು ಅಲ್ಲಿಂದ ಹೊರಡುವಾಗ ಇನ್ನೂ ನಡೆಯುತ್ತಿತ್ತು. ಹಾಳೆ ತುಂಬುವುದನ್ನು ನರ್ಸುಗಳು ನಿಲ್ಲಿಸಿರಲಿಲ್ಲ.